ಏಳನೇ ಸ್ಲೈಡಿನ ಬಣ್ಣ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮಂಡನೆಯ ಕಡತ ನಾಲ್ಕನೇ ಮಹಡಿಯಿಂದ ಕೆಳಗೆ ಬಂತು. ಏಳನೇ ಸ್ಲೈಡಿನಲ್ಲಿದ್ದ ಕೆಂಪು ಚೌಕ ಹಳದಿಯಾಗಿತ್ತು.

ಹಸ್ನಿದಾರ್ ಅದರೊಳಗಿನ ಪೆನ್‌ಡ್ರೈವನ್ನು ತನ್ನ ಮೇಜಿನ ಗಣಕಕ್ಕೆ ಹಾಕಿ ತೆರೆದು ನೋಡಿದಳು. ಮೊದಲ ಆರು ಸ್ಲೈಡುಗಳು ಅವಳು ಮಾಡಿದ ಹಾಗೆಯೇ ಇದ್ದವು. ಏಳನೆಯದರಲ್ಲಿ ಬಣ್ಣದ ಜೊತೆ ಚಿತ್ರವೂ ಬದಲಾಗಿತ್ತು. ಎಳೆ ಬಿಚ್ಚಿಕೊಂಡ ಉಕ್ಕಿನ ಹಗ್ಗದ ಫೋಟೋ ಇದ್ದ ಜಾಗದಲ್ಲಿ, ಸೂರ್ಯಾಸ್ತದ ಎದುರು ನಿಂತ ಬುಂಗಾ ಎಜಾ ಹಡಗು. ಕಂಪನಿಯ ಕ್ಯಾಲೆಂಡರಿನ ಆಗಸ್ಟ್ ಪುಟದ್ದು. ಕಡತಕ್ಕೆ ಅಂಟಿಸಿದ ಚೀಟಿಯಲ್ಲಿ ನಾಲ್ಕು ಕಿರುಸಹಿಗಳಿದ್ದವು. ಮಂಡನೆ ಹತ್ತು ಗಂಟೆಗೆ.

ಕಂಪನಿಗೆ ಐದು ಹಡಗುಗಳಿದ್ದವು. ಸುಲಾವೆಸಿಯ ದಕ್ಷಿಣ ತುದಿಯ ಬೀರಾ ಬಂದರಿನಿಂದ ಎದುರಿನ ದ್ವೀಪಗಳಿಗೆ ಜನ, ಲಾರಿ, ಮೋಟಾರ್ ಸೈಕಲ್, ದನ, ಸಿಮೆಂಟು ಸಾಗಿಸುತ್ತಿದ್ದವು. ಕಚೇರಿ ಮಾತ್ರ ಮಕಾಸ್ಸರ್ ನಗರದಲ್ಲಿ, ಹಡಗುಗಳಿಂದ ಐದು ಗಂಟೆಯ ದೂರದಲ್ಲಿತ್ತು. ಹಸ್ನಿದಾರ್ ಅಲ್ಲಿ ಎಂಟು ವರ್ಷದಿಂದ ಇತರರ ಮಂಡನೆಗಳನ್ನು ತಯಾರಿಸುತ್ತಿದ್ದಳು. ಯಾವ ಅಧಿಕಾರಿ ಏನು ಮಾತಾಡಬೇಕಾದರೂ ಮೊದಲು ಅವಳ ಮೇಜಿಗೆ ಬರುತ್ತಿದ್ದರು. ಇಪ್ಪತ್ತು ಸಾಲಿದ್ದದ್ದನ್ನು ಅವಳು ಮೂರಕ್ಕೆ ಇಳಿಸುತ್ತಿದ್ದಳು. ಯಾವ ಪದದ ಮೇಲೆ ನಿಲ್ಲಬೇಕು, ಯಾವಾಗ ಪರದೆ ಬಿಟ್ಟು ಜನರ ಕಡೆ ತಿರುಗಬೇಕು, ಮಾಲೀಕರು ಕನ್ನಡಕ ಒರೆಸತೊಡಗಿದರೆ ಎಷ್ಟು ಸ್ಲೈಡು ಹಾರಿಸಬೇಕು ಎಂದು ಹೇಳಿಕೊಡುತ್ತಿದ್ದಳು. ಚಪ್ಪಾಳೆ ಅವರಿಗೆ ಬೀಳುತ್ತಿತ್ತು. ಅವಳು ಹಿಂದಿನ ಗೋಡೆಯ ಹತ್ತಿರ ಕೂತು ದೀಪ ಆರಿಸುತ್ತಿದ್ದಳು, ಹಚ್ಚುತ್ತಿದ್ದಳು.

ಈ ಸಲ ಮಾತಾಡಬೇಕಾದವಳು ಅವಳೇ. ಸಂಚಾರ ವಿಭಾಗದ ಮುಖ್ಯಸ್ಥರಾದ ಇರ್ಹಾಮ್, ಅಲ್ಲಿನ ಮರ್ಯಾದೆಯ ಮಾತಿನಲ್ಲಿ ಪಾಕ್ ಇರ್ಹಾಮ್, ಬಾಯಿ ಹುಣ್ಣಾಗಿದೆ ಎಂದಿದ್ದರು. ಉಪವಾಸದ ತಿಂಗಳ ಕೊನೆಯ ಹಬ್ಬಕ್ಕೆ ಮುಂಚಿನ ಮಂಡನೆ ಎಂದರೆ ವರ್ಷದ ದೊಡ್ಡ ಮಂಡನೆ, ಮಾಲೀಕರ ಇಡೀ ಕುಟುಂಬ ಬಂದು ಕೂರುತ್ತದೆ. ಚೆನ್ನಾಗಿ ಮಾಡಿದರೆ ಕಾರ್ಯದರ್ಶಿ ವಿಭಾಗದ ಮುಖ್ಯಸ್ಥೆಯ ಖಾಲಿ ಕುರ್ಚಿ ಅವಳದೇ ಎಂದೂ ಇರ್ಹಾಮ್ ಹೇಳಿದ್ದರು. ಅವರ ಬಾಯಿಯ ಹುಣ್ಣು ಅವಳಿಗೆ ಕಾಣಲಿಲ್ಲ. ಅವರು ಎಂದಿನಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು.

ಬುಂಗಾ ಎಜಾದ ಕಪ್ತಾನ ನೊಂಪೊ, ಎಲ್ಲರೂ ಗೌರವದಿಂದ ದಾಯೆಂಗ್ ಎನ್ನುವವರು, ಅವಳನ್ನು ಹುಡುಕಿಕೊಂಡು ಬಂದದ್ದು ಈ ಸೋಮವಾರಕ್ಕೆ ಒಂಬತ್ತು ದಿನ ಮೊದಲು. ಐವತ್ತೆಂಟು ವರ್ಷ, ಕುಳ್ಳು ದೇಹ, ಬಿಸಿಲಿಗೆ ಸೀದ ಕಿವಿಗಳು. ಉಪವಾಸದ ತಿಂಗಳಲ್ಲಿ ಐದು ಗಂಟೆ ಬಸ್ಸಿನಲ್ಲಿ ಕೂತು ಬಂದವರ ತುಟಿ ಒಡೆದಿತ್ತು. ಕೈಯಲ್ಲಿ ನೀಲಿ ಶಾಯಿಯಲ್ಲಿ ಬರೆದ ಎರಡು ಹಾಳೆ, ಫೋನಿನಲ್ಲಿ ಹನ್ನೊಂದು ಫೋಟೋ.

ವಿಷಯ ಸರಳವಾಗಿತ್ತು. ಹಡಗಿನ ಮೂತಿಗೆ ಒಂಬತ್ತು ಟನ್ ತೂಕದ ಉಕ್ಕಿನ ಬಾಗಿಲು. ದಡ ಸೇರಿದಾಗ ಅದನ್ನು ಎರಡು ಉಕ್ಕಿನ ಹಗ್ಗಗಳಿಂದ ಇಳಿಬಿಟ್ಟರೆ ಸೇತುವೆಯಾಗುತ್ತದೆ, ಗಾಡಿಗಳೂ ಜನರೂ ಅದರ ಮೇಲೆ ಓಡಾಡುತ್ತಾರೆ. ಎಡಗಡೆಯ ಹಗ್ಗದಲ್ಲಿ ಒಂದು ಗೇಣಿನ ಉದ್ದಕ್ಕೆ ನಲವತ್ತೊಂದು ಎಳೆ ಹರಿದಿದ್ದನ್ನು ನೊಂಪೊ ಎಣಿಸಿದ್ದರು. ಹಗ್ಗ ಹಾದುಹೋಗುವ ರಾಟೆಯ ಅಂಚಿನಲ್ಲಿ ಬಿರುಕಿತ್ತು. ಎರಡನ್ನೂ ಬದಲಿಸಲು ಹಡಗು ನಾಲ್ಕು ದಿನ ನಿಲ್ಲಬೇಕು. ಹಬ್ಬಕ್ಕೆ ಊರಿಗೆ ಹೋಗುವವರ ನೂಕುನುಗ್ಗಲು ಶುರುವಾಗುವ ಮೊದಲೇ ನಿಲ್ಲಬೇಕು. ಶುರುವಾದ ಮೇಲೆ ಆ ಬಾಗಿಲು ದಿನಕ್ಕೆ ಎಂಟು ಸಲ ಇಳಿಯುತ್ತದೆ, ಇಳಿಯುವಾಗ ಅದರ ಕೆಳಗೇ ಜನ ಕಾಯುತ್ತಿರುತ್ತಾರೆ.

"ಮಗಳೇ, ಇದು ಮೇಲಕ್ಕೆ ಹೋಗ್ಬೇಕು" ಎಂದರು ನೊಂಪೊ. "ಕಾಗದ ಕೊಟ್ರೆ ಯಾರೂ ಓದಲ್ಲ ಅಂತ ನಂಗೂ ಗೊತ್ತು. ನಿನ್ನ ಆ ಪರದೆ ಮೇಲೆ ಹಾಕು."

ಹಸ್ನಿದಾರ್ ಹಾಳೆಗಳನ್ನು ಓದಿದಳು. ಮೇಲೆ ದಿನಾಂಕ, ಕೆಳಗೆ ಪೂರ್ತಿ ಹೆಸರು, ಸಹಿ, ಹಡಗಿನ ಮುದ್ರೆ ಇದ್ದವು. ಕೊನೆಯ ಸಾಲಿನಲ್ಲಿ 'ಕೆಂಪು' ಎಂದು ಬರೆದು ಎರಡು ಗೆರೆ ಎಳೆದಿದ್ದರು.

"ಫೆಬ್ರವರೀಲಿ ನೀವು ಕಕ್ಕಸಿನ ಪಂಪಿಗೂ ಕೆಂಪು ಬರ್ದಿದ್ರಿ, ದಾಯೆಂಗ್."

"ಕಿತ್ತಳೆ ಬರ್ದಿದ್ರೆ ಹಸಿರಾಗಿ ವಾಪಸ್ ಬರ್ತಿತ್ತು. ಇನ್ನೂರ ಎಂಬತ್ತು ಜನಕ್ಕೆ ಒಂದು ಕಕ್ಕಸು. ನೀನು ಬಂದು ಮೂಗು ಹಿಡ್ಕೊಂಡು ನೋಡ್ಬೇಕಿತ್ತು."

ಅವರು ಹೇಳಿದ್ದು ಸುಳ್ಳಲ್ಲ. ಕಚೇರಿಯಲ್ಲಿ ನಾಲ್ಕು ಬಣ್ಣಗಳ ಪದ್ಧತಿ ಇತ್ತು. ಹಸಿರು ಎಂದರೆ ಸರಿಯಿದೆ, ಹಳದಿ ಎಂದರೆ ಗಮನಿಸುತ್ತಿದ್ದೇವೆ, ಕಿತ್ತಳೆ ಎಂದರೆ ರಿಪೇರಿ ಬೇಕು, ಕೆಂಪು ಎಂದರೆ ಹಡಗು ನಿಲ್ಲಿಸಿ. ಕಡತ ಪ್ರತಿ ಮಹಡಿಯಲ್ಲೂ ಒಂದು ಮೇಜಿನ ಮುಂದೆ ನಿಂತು ಕಿರುಸಹಿ ಪಡೆದು ಮೇಲಕ್ಕೆ ಹೋಗಬೇಕು. ಪ್ರತಿ ಮೇಜಿನವರೂ ತಮ್ಮ ಮೇಲಿನವರ ಬೆಳಗು ಹಾಳಾಗದಿರಲೆಂದು ಬಣ್ಣವನ್ನು ಒಂದು ಹಂತ ಇಳಿಸುತ್ತಿದ್ದರು. ಯಾರೂ ಅದನ್ನು ಸುಳ್ಳು ಎಂದು ತಿಳಿಯುತ್ತಿರಲಿಲ್ಲ. ಅದು ಮರ್ಯಾದೆ. ಕೆಂಪಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ ಎಂದು ಕೆಳಗಿನವರು ನಗುತ್ತಿದ್ದರು. ಇದು ಗೊತ್ತಿದ್ದ ಕಪ್ತಾನರು ಸಣ್ಣದಕ್ಕೂ ಕೆಂಪು ಬರೆಯುತ್ತಿದ್ದರು. ಅವರು ಹೀಗೆ ಬರೆಯುತ್ತಾರೆಂದು ಗೊತ್ತಿದ್ದ ಮೇಲಿನವರು ಇನ್ನೂ ಒಂದು ಹಂತ ಇಳಿಸುತ್ತಿದ್ದರು. ಹಗ್ಗ ನಿಜವಾಗಿ ಹರಿಯುವ ಕಾಲಕ್ಕೆ ನೊಂಪೊ ಅವರ ಹತ್ತಿರ ಬೇರೆ ಬಣ್ಣ ಉಳಿದಿರಲಿಲ್ಲ.

"ಹಾಳೆ ನನ್ನ ಹತ್ರ ಬಿಟ್ಟು ಹೋಗಿ" ಎಂದಳು ಹಸ್ನಿದಾರ್. "ಸ್ಲೈಡ್ ಮಾಡ್ತೀನಿ. ನಾನೇ ಮಾತಾಡ್ತಿರೋದ್ರಿಂದ ನಾನೇ ಹೇಳ್ತೀನಿ."

ನಕಲು ತೆಗೆದಿಟ್ಟುಕೊಳ್ಳಿ ಎಂದು ಅವಳು ಹೇಳಲಿಲ್ಲ. ಅವರಿಗೂ ತೋಚಲಿಲ್ಲ. ಹಾಳೆಗಳು ಅವಳ ಮೇಜಿನ ಎರಡನೇ ಡ್ರಾಯರಿನಲ್ಲಿ, ಸ್ಲೈಡು ಬದಲಿಸುವ ಪುಟ್ಟ ಗುಂಡಿಯಂತ್ರದ ಡಬ್ಬಿಯ ಕೆಳಗೆ ಹೋದವು.

ಅಭ್ಯಾಸ ನಡೆದದ್ದು ನೆಲಮಾಳಿಗೆಯಲ್ಲಿ, ಮೋಟಾರ್ ಸೈಕಲ್‌ಗಳ ನಡುವೆ. ನೊಂಪೊ ತಮ್ಮ ತಂಗಿಯ ಮನೆಯಲ್ಲಿ ಎರಡು ದಿನ ಉಳಿದು, ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಬರುತ್ತಿದ್ದರು. ಅವಳು ಅವರನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನೀವೇ ಮಾಲೀಕರು ಎಂದು ತಿಳಿದುಕೊಳ್ಳಿ, ಫೋನಿನಲ್ಲಿ ಸಮಯ ನೋಡಿ ಎಂದಳು. ಅವರು ಕಾಲ ಮೇಲೆ ಕಾಲು ಹಾಕಿ, ಶರ್ಟಿನ ಅಂಚಿನಿಂದ ಇಲ್ಲದ ಕನ್ನಡಕ ಒರೆಸಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

ಮೊದಲ ಸಲ ಹತ್ತೊಂಬತ್ತು ನಿಮಿಷವಾಯಿತು. ಅವಳು ಕಡಿದಳು. ಹಗ್ಗ ತಯಾರಾದ ವರ್ಷ, ಕಾರ್ಖಾನೆ, ಅದರ ದಪ್ಪ ಎಲ್ಲವನ್ನೂ ತೆಗೆದಳು. ದಪ್ಪ ಬೇಕು ಎಂದು ನೊಂಪೊ ವಾದಿಸಿದರು. ದಪ್ಪ ಕೇಳಿದವರು ದಪ್ಪವನ್ನೇ ನೆನಪಿಟ್ಟುಕೊಳ್ಳುತ್ತಾರೆ, ನಲವತ್ತೊಂದು ಎಂಬ ಒಂದೇ ಅಂಕಿ ಸಾಕು ಎಂದು ಅವಳು ಹೇಳಿದಳು. ಕೆಂಪು ಎನ್ನುವ ಮೊದಲು ಅವಳು ನಾಲ್ಕು ಕ್ಷಣ ಸುಮ್ಮನಿರುತ್ತಿದ್ದಳು. ತುಟಿಯಲ್ಲೇ ಎಣಿಸುತ್ತಿದ್ದ ಆ ನಾಲ್ಕು ಕ್ಷಣ ನೊಂಪೊ ಅವರಿಗೆ ಬಹಳ ಹಿಡಿಸಿತು. ದಡ ಸೇರುವ ಮೊದಲು ಇಂಜಿನ್ ನಿಲ್ಲಿಸಿದ ಹಾಗೆ ಇದೆ ಎಂದರು.

ಎರಡನೇ ದಿನ ಅವರು ಜೇಬಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದರು. ಹಗ್ಗದಿಂದ ಮುರಿದು ಬಿದ್ದ ಎಳೆಗಳು, ಬೆರಳುದ್ದದವು, ತುದಿ ಸೂಜಿಯಂತೆ. ಇದನ್ನು ಪುವಾಂಗ್ ಅವರ ಮೇಜಿನ ಮೇಲೆ ಇಡು ಎಂದರು. ಪುವಾಂಗ್ ಎಂದರೆ ಮಾಲೀಕರು, ಪುವಾಂಗ್ ಮಕ್ಕುಲಾವು. ಹಸ್ನಿದಾರ್ ಬೇಡ ಎಂದಳು. ಕೈಗೆ ವಸ್ತು ಕೊಟ್ಟರೆ ಜನ ವಸ್ತುವಿನ ಜೊತೆ ಆಡುತ್ತಾ ಕೂರುತ್ತಾರೆ, ಮಾತು ಕೇಳುವುದಿಲ್ಲ. ಅವಳ ಇನ್ನೊಂದು ಕಟ್ಟುನಿಟ್ಟು, ಎಂಟು ವರ್ಷದಿಂದ ಎಲ್ಲರಿಗೂ ಮೊದಲ ದಿನವೇ ಹೇಳಿಕೊಡುತ್ತಿದ್ದದ್ದು: ಪರದೆ ಒಂದು ಹೇಳುತ್ತಿರುವಾಗ ಬಾಯಿ ಇನ್ನೊಂದು ಹೇಳಕೂಡದು. ಹಾಗಾದಾಗ ಜನ ನಂಬುವುದು ಪರದೆಯನ್ನು. ಬಾಯಿಯನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾರೆ.

"ನೀನು ಕಪ್ತಾನ ಆಗ್ಬೇಕಿತ್ತು" ಎಂದರು ನೊಂಪೊ, ಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳುತ್ತಾ. "ಹನ್ನೆರಡು ನಿಮಿಷ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

ಶುಕ್ರವಾರ ಅವಳು ಕಡತ ಮೇಲಕ್ಕೆ ಕಳಿಸಿದಳು. ಕೆಂಪು ಚೌಕವನ್ನು ಅರ್ಧ ಪರದೆಯಷ್ಟು ದೊಡ್ಡದು ಮಾಡಿದ್ದಳು, ಇಳಿಸಲು ಯಾರಿಗೂ ಕೈ ಬರಬಾರದೆಂದು. ಹಾಳೆಗಳನ್ನು ಜೊತೆಗೆ ಇಡಲಿಲ್ಲ. ಕಾಗದ ಅಂಟಿಸಿದ ಕಡತಗಳು ವಾರಗಟ್ಟಲೆ ಒಂದೊಂದು ಮೇಜಿನ ಮೇಲೆ ಮಲಗುತ್ತವೆ ಎಂಬುದು ಅವಳ ಅನುಭವ.

ಈಗ ಸೋಮವಾರ, ಒಂಬತ್ತು ಮೂವತ್ತಕ್ಕೆ, ಅವಳು ಇರ್ಹಾಮ್ ಅವರ ಕೋಣೆಗೆ ಹೋದಳು. ಅವರು ಕನ್ನಡಿಯ ಮುಂದೆ ಕಪ್ಪು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಬಣ್ಣ ಬದಲಾಗಿದೆ ಎಂದು ಅವಳು ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಎರಡನೇ ಮಹಡಿ ಕಿತ್ತಳೆ ಮಾಡಿತು, ಮೂರನೆಯದು ಹಳದಿ ಮಾಡಿತು, ನಾನು ಬರೀ ಚಿತ್ರ ಬದಲಿಸಿದೆ ಎಂದು ತಾಳ್ಮೆಯಿಂದ ವಿವರಿಸಿದರು. ಹಬ್ಬದ ಮುಂಚೆ, ಮಕ್ಕಳು ಸೊಸೆಯಂದಿರ ಎದುರು, ಪುವಾಂಗ್ ಅವರಿಗೆ ಹರಿದ ಹಗ್ಗ ತೋರಿಸುವುದು ಸಭ್ಯತೆಯಲ್ಲ.

"ಹಳದಿ ಅಂದ್ರೂ ಅವ್ರಿಗೆ ಅರ್ಥ ಆಗುತ್ತೆ" ಎಂದರು. "ನಿಂಗೆ ಅಷ್ಟು ಅನ್ನಿಸಿದ್ರೆ ಬಾಯಲ್ಲಿ ಹೇಳು, ಹಸ್ನಿ. ಬಾಯಿ ನಿನ್ದೇ ತಾನೇ? ನಾನೇನು ಹಿಡ್ಕೊಂಡಿದೀನಾ?"

ಅವಳು ಮೆಟ್ಟಿಲು ಹತ್ತುವಾಗಲೇ ನಿರ್ಧರಿಸಿದಳು. ಪರದೆ ಏನಾದರೂ ಹೇಳಲಿ, ತಾನು ಕೆಂಪು ಎನ್ನುತ್ತೇನೆ. ಒಂದು ಪದ ಅಷ್ಟೆ.

ನಾಲ್ಕನೇ ಮಹಡಿಯ ಸಭಾಂಗಣದ ಬಾಗಿಲಲ್ಲಿ ನೊಂಪೊ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ, ಹೆಗಲ ಮೇಲೆ ನಾಲ್ಕು ಪಟ್ಟಿ. ಕಪ್ತಾನರನ್ನೂ ಕರೆಯಬೇಕೆಂದು ಹಟ ಹಿಡಿದು ಕರೆಸಿದ್ದವಳು ಅವಳೇ. ನಿದ್ದೆ ಬಂತೇ ಎಂದು ಅವರು ಕೇಳಿದರು. ಬಂತು ಎಂದಳು. ಬಣ್ಣದ ಸುದ್ದಿ ಹೇಳಲಿಲ್ಲ. ಮಂಡನೆಗೆ ಹತ್ತು ನಿಮಿಷ ಇರುವಾಗ ಯಾರೊಂದಿಗೂ ಕೆಟ್ಟ ಸುದ್ದಿ ಮಾತಾಡಬಾರದು, ಧ್ವನಿಗೆ ಬರುತ್ತದೆ ಎಂಬುದೂ ಅವಳು ಹೇಳಿಕೊಡುತ್ತಿದ್ದ ಪಾಠವೇ.

ಹತ್ತು ಗಂಟೆಗೆ ಇಪ್ಪತ್ತಾರು ಜನ ಸೇರಿದ್ದರು. ಉಪವಾಸವಾದ್ದರಿಂದ ಮೇಜಿನ ಮೇಲೆ ನೀರಿನ ಬಾಟಲಿ ಇರಲಿಲ್ಲ, ಬಾಳೆಯೆಲೆಯಲ್ಲಿ ಸುತ್ತಿದ ಸಿಹಿಯ ಪೊಟ್ಟಣಗಳನ್ನು ಸಂಜೆ ಮನೆಗೆ ಒಯ್ಯಲೆಂದು ಬಾಗಿಲ ಬಳಿ ಜೋಡಿಸಿಟ್ಟಿದ್ದರು. ಮಾತಾಡುವವರಿಗೆ ಈ ತಿಂಗಳು ಕಷ್ಟ. ಮೂರನೇ ಸ್ಲೈಡಿಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಹಸ್ನಿದಾರ್ ಅದಕ್ಕೂ ಅಭ್ಯಾಸ ಮಾಡಿದ್ದಳು. ಒಣ ಬಾಯಿಯಲ್ಲೇ ನೆಲಮಾಳಿಗೆಯಲ್ಲಿ ಒಂಬತ್ತು ಸಲ ಮಾತಾಡಿದ್ದಳು.

ಮೊದಲು ವಂದನೆ. ಇರುವವರೆಲ್ಲರ ಹೆಸರನ್ನು ಗೌರವದ ಕ್ರಮದಲ್ಲಿ ಹೇಳಬೇಕು: ಪುವಾಂಗ್, ಅವರ ಹೆಂಡತಿ, ಹಿರಿಯ ಮಗ, ಹಿರಿಯ ಸೊಸೆ, ಆಮೇಲೆ ಕಿರಿಯ ಮಗ. ಹೋದ ವರ್ಷ ಒಬ್ಬ ಲೆಕ್ಕಾಧಿಕಾರಿ ಕಿರಿಯ ಮಗನ ಹೆಸರನ್ನು ಮೊದಲು ಹೇಳಿ, ಈಗ ದ್ವೀಪವೊಂದರ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ. ಹಸ್ನಿದಾರ್ ಒಂದೂ ತಪ್ಪಲಿಲ್ಲ. ಎಪ್ಪತ್ತೊಂದು ವರ್ಷದ ಪುವಾಂಗ್ ಮಕ್ಕುಲಾವು ತಲೆಯಾಡಿಸಿದರು.

ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿತು. ಕೋಣೆಯ ಕೊನೆಯವರೆಗೆ ಹೋಗಿ ಮರಳುತ್ತಿತ್ತು. ಎರಡನೇ ಸ್ಲೈಡಿಗೆ ಹಿರಿಯ ಮಗ ಫೋನು ಕೆಳಗಿಟ್ಟ. ನಾಲ್ಕನೆಯದಕ್ಕೆ, ಜನರು ದ್ವೀಪಕ್ಕೆ ಕೋಳಿಯನ್ನು ಟಿಕೆಟಿಲ್ಲದೆ ಸಾಗಿಸಲು ಮಗುವಿನ ಹಾಗೆ ಬಟ್ಟೆ ಸುತ್ತಿ ಎತ್ತಿಕೊಂಡು ಬರುವ ಕತೆ ಹೇಳಿದಾಗ ಇಡೀ ಕೋಣೆ ನಕ್ಕಿತು. ಪುವಾಂಗ್ ಅವರ ಕನ್ನಡಕ ಮೂಗಿನ ಮೇಲೆಯೇ ಇತ್ತು. ಎಂಟು ವರ್ಷ ಗೋಡೆಗೆ ಒರಗಿ ನೋಡಿದ್ದು ಇದನ್ನೇ, ಇಷ್ಟು ಸುಲಭವಾದದ್ದನ್ನೇ ಎಂದು ಅವಳಿಗೆ ಅನ್ನಿಸಿತು. ಖುಷಿಯಾಯಿತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲು ಆಗುತ್ತಿರಲಿಲ್ಲ.

ಏಳನೇ ಸ್ಲೈಡು ಬಂತು. ಸೂರ್ಯಾಸ್ತ, ಹಡಗು, ಅರ್ಧ ಪರದೆಯ ಹಳದಿ ಚೌಕ. ಅಷ್ಟು ದೊಡ್ಡ ಹಳದಿ ಚೆನ್ನಾಗಿಯೇ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ನೊಂಪೊ ಮುಂದಕ್ಕೆ ಬಾಗಿದರು. ಹಸ್ನಿದಾರ್ ಬುಂಗಾ ಎಜಾದ ಹೆಸರು ಹೇಳಿ, ಬಾಗಿಲಿನ ಎಡಗಡೆಯ ಹಗ್ಗ ಎಂದು ಹೇಳಿ, ನಿಂತಳು.

ಒಂದು. ಎರಡು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಮೂರು. ಪರದೆಯಲ್ಲಿ ಒಂದು, ಬಾಯಲ್ಲಿ ಇನ್ನೊಂದು ಹೇಳಿ ಸೋತ ಮುಖಗಳನ್ನು ಅವಳು ಎಷ್ಟೋ ಸಲ ಇದೇ ಕೋಣೆಯ ಹಿಂದಿನಿಂದ ಕಂಡಿದ್ದಳು. ಕೇಳುವವರ ಕಣ್ಣು ಪರದೆಗೂ ಬಾಯಿಗೂ ಓಡಾಡುತ್ತದೆ, ಆಮೇಲೆ ಮೇಜಿಗೆ ಇಳಿಯುತ್ತದೆ, ಆಮೇಲೆ ಮರಳಿ ಬರುವುದಿಲ್ಲ. ನಾಲ್ಕು.

"ಹಳದಿ" ಎಂದಳು.

ನಿಗಾ ಇಡಲಾಗಿದೆ, ಹಬ್ಬ ಮುಗಿದ ಮೇಲೆ ಬದಲಿಸಲಾಗುವುದು ಎಂದು ಅಭ್ಯಾಸದಲ್ಲಿ ಇಲ್ಲದ ಒಂದು ವಾಕ್ಯವನ್ನೂ ಸೇರಿಸಿದಳು. ಅದು ಸರಾಗವಾಗಿ ಬಂತು.

ನೊಂಪೊ ಎದ್ದು ನಿಂತರು. ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಿಗೆ ಎಲ್ಲರೂ ತಿರುಗಿದರು. ಅವರು ಕ್ಷಮೆ ಕೇಳಿದರು, ಅದು ಹಳದಿಯಲ್ಲ ಎಂದರು, ಜೇಬಿನಿಂದ ಪೊಟ್ಟಣ ತೆಗೆದು ಅಂಗೈ ಮೇಲೆ ಬಿಚ್ಚಿದರು. ದೂರದಿಂದ ಅದು ಪೊರಕೆಯಿಂದ ಉದುರಿದ ಕಡ್ಡಿಗಳಂತೆ ಕಾಣುತ್ತಿತ್ತು. ಯಾರೂ ಕೈ ಚಾಚಲಿಲ್ಲ.

ಪುವಾಂಗ್ ಮಕ್ಕುಲಾವು ಮೆಲುದನಿಯವರು. ಅವರು ಮಾತಾಡುವಾಗ ಪಕ್ಕದವರು ಉಸಿರು ಹಿಡಿಯಬೇಕಾಗುತ್ತಿತ್ತು.

"ನೊಂಪೊ. ಫೆಬ್ರವರೀಲಿ ನಿನ್ನ ಕೆಂಪು ಯಾವುದಕ್ಕಿತ್ತು?"

ನೊಂಪೊ ಅಂಗೈಯ ಎಳೆಗಳನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

"ಹೇಳು. ಇಲ್ಲಿ ಎಲ್ಲ ಮನೆಯವ್ರೇ ಇದೀವಿ."

"ಕಕ್ಕಸಿನ ಪಂಪಿಗೆ, ಪುವಾಂಗ್."

ಸೊಸೆಯಂದಿರು ಮೊದಲು ನಕ್ಕರು. ಆಮೇಲೆ ಕೋಣೆ ನಕ್ಕಿತು, ಕೋಳಿಯ ಕತೆಗೆ ನಕ್ಕಿದ್ದಕ್ಕಿಂತ ಹೆಚ್ಚು. ಇರ್ಹಾಮ್ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ನಗು ಪೂರ್ತಿ ಇಳಿಯುವವರೆಗೆ ಪುವಾಂಗ್ ಕಾದರು. ಸುಮ್ಮನಿರುವುದು ಎಷ್ಟು ಹೊತ್ತು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಆಗ ಹಡಗು ಮುಳುಗ್ತಾ? ನಾವೆಲ್ಲಾ ಅದ್ರಲ್ಲೇ ಮುಳುಗ್ತಿದ್ವು ಅನ್ನು." ಮತ್ತೆ ನಗು. "ಈಗ ಈ ಹುಡುಗಿ ಕಷ್ಟಪಟ್ಟು ಮಾಡಿದಾಳೆ. ನಾಲ್ಕು ಜನ ದೊಡ್ಡೋರು ನೋಡಿ ಸಹಿ ಹಾಕಿದಾರೆ. ಎಲ್ರೂ ಕುರುಡ್ರು, ನಿಂಗೊಬ್ಬನಿಗೇ ಕಣ್ಣು." ಅವರು ಹಸ್ನಿದಾರ್ ಕಡೆ ತಿರುಗಿದರು. "ನೀನೇ ಹೇಳಮ್ಮ. ಇದು ನೀನು ಮಾಡಿದ ಸ್ಲೈಡ್ ತಾನೇ?"

ಹಿಂದಿನ ಸಾಲಿನಿಂದ ನೊಂಪೊ ಅವಳನ್ನು ನೋಡುತ್ತಿದ್ದರು. ನೆಲಮಾಳಿಗೆಯ ಪ್ಲಾಸ್ಟಿಕ್ ಕುರ್ಚಿಯಿಂದ ನೋಡುತ್ತಿದ್ದ ಹಾಗೆಯೇ, ತುಟಿ ಸ್ವಲ್ಪ ತೆರೆದು, ಅವಳ ಜೊತೆ ತಾವೂ ಆ ಪದ ಹೇಳಲು ತಯಾರಾಗಿರುವವರಂತೆ.

"ಹೌದು, ಪುವಾಂಗ್. ನನ್ನದೇ."

ಮಧ್ಯದಲ್ಲಿ ಎದ್ದು ಅಡ್ಡ ಮಾತಾಡುವವರನ್ನು ನಿಭಾಯಿಸುವ ಬಗೆ ಅವಳಿಗೆ ಗೊತ್ತಿತ್ತು. ಜಗಳವಾಡಬಾರದು. ಹೆಸರು ಹಿಡಿದು ಕರೆದು ವಂದಿಸಬೇಕು, ಆಮೇಲೆ ಮಾತಾಡೋಣ ಎನ್ನಬೇಕು, ಅವರು ಬಾಯಿ ತೆರೆಯುವ ಮೊದಲು ಮುಂದಿನ ಸ್ಲೈಡಿಗೆ ಹೋಗಬೇಕು. ಸ್ಲೈಡು ಬದಲಾದರೆ ಕಣ್ಣು ಬದಲಾಗುತ್ತದೆ. ಹೋದ ವರ್ಷ ಇರ್ಹಾಮ್ ಅವರಿಗೆ ಇದನ್ನು ಕಲಿಸಲು ಎರಡು ದಿನ ಹಿಡಿದಿತ್ತು.

"ದಾಯೆಂಗ್ ನೊಂಪೊ ಅವ್ರ ಕಾಳಜಿಗೆ ಧನ್ಯವಾದ" ಎಂದಳು. "ಸಭೆ ಆದ್ಮೇಲೆ ವಿವರವಾಗಿ ಮಾತಾಡೋಣ."

ಗುಂಡಿ ಒತ್ತಿದಳು. ಎಂಟನೇ ಸ್ಲೈಡು ಬಂತು: ಹಬ್ಬದ ವೇಳಾಪಟ್ಟಿ, ಹಸಿರು ಗೆರೆಗಳಲ್ಲಿ. ಇಪ್ಪತ್ತೈದು ತಲೆಗಳು ಪರದೆಯ ಕಡೆ ತಿರುಗಿದವು. ನೊಂಪೊ ಇನ್ನೂ ಸ್ವಲ್ಪ ಹೊತ್ತು ಅಂಗೈ ಚಾಚಿಕೊಂಡು ನಿಂತಿದ್ದರು. ಆಮೇಲೆ ಪೊಟ್ಟಣ ಮಡಚಿ ಕೂತರು.

ಮಂಡನೆ ಹದಿಮೂರು ನಿಮಿಷಕ್ಕೆ ಮುಗಿಯಿತು. ಹೆಚ್ಚಾದ ಒಂದು ನಿಮಿಷ ನೊಂಪೊ ಅವರದು. ಚಪ್ಪಾಳೆ ಬಿತ್ತು. ಪುವಾಂಗ್ ಅವರ ಹೆಂಡತಿ ಹಸ್ನಿದಾರ್‌ಳ ಕೆನ್ನೆ ಮುಟ್ಟಿ, ಇಷ್ಟು ದಿನ ಈ ಹುಡುಗಿಯನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಇರ್ಹಾಮ್ ಅವರನ್ನು ಕೇಳಿದರು. ಇರ್ಹಾಮ್ ಅವರ ಬಾಯಿ ಹುಣ್ಣು ವಾಸಿಯಾಗಿತ್ತು. ಅವರು ಬಹಳ ಹೊತ್ತು ಮಾತಾಡಿದರು.

ಮೆಟ್ಟಿಲ ತಿರುವಿನಲ್ಲಿ ನೊಂಪೊ ಕಾಯುತ್ತಿದ್ದರು. ಹಸ್ನಿದಾರ್ ಒಂದು ವಾಕ್ಯವನ್ನು ಸಿದ್ಧಮಾಡಿಕೊಂಡಿದ್ದಳು, ಬಣ್ಣ ಬದಲಿಸಿದ್ದು ತಾನಲ್ಲ ಎಂದು. ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

"ಚೆನ್ನಾಗಿ ಮಾತಾಡ್ದೆ" ಎಂದರು. "ನನ್ನ ಹಾಳೆ ಎರಡನ್ನೂ ವಾಪಸ್ ಕೊಡ್ತೀಯಾ?"

ಮೇಜಿನಲ್ಲಿದೆ, ಹುಡುಕಿ ಅಂಚೆಯಲ್ಲಿ ಕಳಿಸುತ್ತೇನೆ ಎಂದಳು. ಮೇಜು ಇದ್ದದ್ದು ಎರಡೇ ಮಹಡಿ ಕೆಳಗೆ.

ಸಂಜೆ ನಾಲ್ಕಕ್ಕೆ ಆದೇಶ ಹೊರಟಿತು. ಕಪ್ತಾನ ನೊಂಪೊ ಅವರಿಗೆ ವಿಶ್ರಾಂತಿ ಬೇಕಾಗಿರುವುದರಿಂದ ಬುಂಗಾ ಎಜಾವನ್ನು ಅವರ ಸಹಾಯಕ ಆಲಂಷಾ ನಡೆಸತಕ್ಕದ್ದು. ಆಲಂಷಾಗೆ ಮೂವತ್ತೊಂದು ವರ್ಷ. ಅವನು ಹಗ್ಗ ನೋಡಿದ್ದ. ಆದೇಶವನ್ನೂ ಓದಿದ್ದ, ಹಾಗಾಗಿ ಏನೂ ಬರೆಯಲಿಲ್ಲ. ಅದೇ ವಾರ ಹಸ್ನಿದಾರ್ ಕಾರ್ಯದರ್ಶಿ ವಿಭಾಗದ ಮುಖ್ಯಸ್ಥೆಯಾಗಿ ಮೂರನೇ ಮಹಡಿಯ ಕೋಣೆಗೆ ಹೋದಳು. ಸಾಮಾನು ಸಾಗಿಸುವಾಗ ಎರಡನೇ ಡ್ರಾಯರನ್ನು ಹಾಗೆಯೇ ಎತ್ತಿ ಹೊಸ ಮೇಜಿಗೆ ಸೇರಿಸಿದಳು. ಹಾಳೆಗಳು ಅದರಲ್ಲೇ ಇದ್ದವು. ಅಂಚೆಗೆ ಹಾಕಬೇಕೆಂದು ಎರಡು ಸಲ ಲಕೋಟೆಯನ್ನೂ ತೆಗೆದಿಟ್ಟುಕೊಂಡಳು.

ಶನಿವಾರ, ನೂಕುನುಗ್ಗಲಿನ ಎರಡನೇ ದಿನ, ಬೆಳಿಗ್ಗೆ ಆರು ಹತ್ತಕ್ಕೆ ಬುಂಗಾ ಎಜಾ ದ್ವೀಪದ ದಡ ಸೇರಿ ಬಾಗಿಲು ಇಳಿಸುತ್ತಿದ್ದಾಗ ಎಡಗಡೆಯ ಹಗ್ಗ ತುಂಡಾಯಿತು. ಬಾಗಿಲು ಓರೆಯಾಗಿ ಬಿತ್ತು. ಮೊದಲು ಹತ್ತಬೇಕೆಂದು ಅಂಚಿನವರೆಗೆ ಬಂದು ನಿಂತಿದ್ದ ಮೋಟಾರ್ ಸೈಕಲ್ ಅದರ ಕೆಳಗಿತ್ತು. ಹಿಂದೆ ಕೂತಿದ್ದ ಇಪ್ಪತ್ತಾರು ವರ್ಷದ ಶಾಲಾ ಶಿಕ್ಷಕಿ ಸ್ಥಳದಲ್ಲೇ ಸತ್ತಳು. ಓಡಿಸುತ್ತಿದ್ದ ಗಂಡನ ಬಲಗಾಲನ್ನು ಆಸ್ಪತ್ರೆಯಲ್ಲಿ ತೆಗೆದರು.

ಸರ್ಕಾರದ ಮೂವರ ವಿಚಾರಣಾ ಸಮಿತಿ ಹಬ್ಬದ ನಂತರ ಕೂತಿತು. ಕಂಪನಿಯ ಪರವಾಗಿ ಮಂಡನೆ ಬೇಕಾಯಿತು. ಎಷ್ಟು ನಿಮಿಷ ಎಂದು ಹಸ್ನಿದಾರ್ ಕೇಳಿದಳು. ಹದಿನೈದು ಎಂದರು ಇರ್ಹಾಮ್. ನಿಯಮದ ಪ್ರಕಾರ ದೋಷ ಕಂಡ ಕಪ್ತಾನ ಒಂದು ದಿನದೊಳಗೆ ಲಿಖಿತ ವರದಿ ಕೊಡಬೇಕು, ಹಾಗೆ ಕೊಟ್ಟಿದ್ದರೆ ತಪ್ಪು ಮೇಲಿನವರದು, ಕೊಡದಿದ್ದರೆ ಕಪ್ತಾನನದು ಎಂದೂ ಅವರು ತಿಳಿಸಿದರು. ಆಮೇಲೆ, ನೊಂಪೊ ಅವರದು ಯಾವುದಾದರೂ ಕಾಗದ ಬಂದಿತ್ತೇ ಎಂದು ಕಿಟಕಿಯ ಕಡೆ ನೋಡುತ್ತಾ ಕೇಳಿದರು. ನೋಂದಣಿ ಪುಸ್ತಕದಲ್ಲಿ ಇಲ್ಲ ಎಂದಳು ಅವಳು. ಪುಸ್ತಕದಲ್ಲಿ ಇರಲಿಲ್ಲ.

ಸ್ಲೈಡುಗಳು ಒಂಬತ್ತು. ಮೃತಳ ಹೆಸರಿಗೆ ಅವಳು ಒಂದು ಪೂರ್ತಿ ಸ್ಲೈಡು ಕೊಟ್ಟಳು, ಬಿಳಿ ಅಕ್ಷರ, ಕಪ್ಪು ಹಿನ್ನೆಲೆ, ಆರು ಕ್ಷಣದ ಮೌನ. ಏಳನೆಯದರಲ್ಲಿ ಹಳೆಯ ಹಳದಿ ಚೌಕವನ್ನೇ ಇಟ್ಟಳು. ಸೂರ್ಯಾಸ್ತ ತೆಗೆದಳು. ಪಕ್ಕದಲ್ಲಿ ಒಂದು ಸಾಲು: ಕಪ್ತಾನರಿಂದ ಲಿಖಿತ ವರದಿ, ದಾಖಲೆಯಲ್ಲಿಲ್ಲ.

ನೊಂಪೊ ಸಾಕ್ಷಿಗಳ ಬೆಂಚಿನಲ್ಲಿ ಕೂತಿದ್ದರು. ತಮ್ಮ ಸರದಿ ಬಂದಾಗ ಎರಡು ಹಾಳೆ ಬರೆದುಕೊಟ್ಟೆ ಎಂದರು, ಯಾರಿಗೆ ಎಂದು ಕೇಳಿದಾಗ ಅವಳ ಹೆಸರು ಹೇಳಿದರು. ಫೋಟೋ ತೋರಿಸಿದರು. ಫೋಟೋ ವರದಿಯಲ್ಲ ಎಂದು ಸಮಿತಿ ಬರೆದುಕೊಂಡಿತು. ಅಧ್ಯಕ್ಷರು ಹಸ್ನಿದಾರ್ ಕಡೆ ನೋಡಿದರು.

ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರಿಸಬೇಕು. ಎರಡನೇ ವಾಕ್ಯ ಎರಡನೇ ಪ್ರಶ್ನೆಯನ್ನು ತರುತ್ತದೆ.

"ನಮ್ಮ ದಾಖಲೆಯಲ್ಲಿ ಅಂಥ ವರದಿ ಇಲ್ಲ, ಪಾಕ್" ಎಂದಳು.

ನೊಂಪೊ ತಲೆ ಎತ್ತಲಿಲ್ಲ. ಬಾಯಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ಅವರು ನೆಲಮಾಳಿಗೆಯಲ್ಲಿ ಕ್ಷಣಗಳನ್ನು ಎಣಿಸುತ್ತಿದ್ದ ರೀತಿ ಅದು. ಬೇರೆ ಪ್ರಶ್ನೆಗಳು ಬರಲಿಲ್ಲ.

ಸಂಜೆ ಹಸ್ನಿದಾರ್ ಕಚೇರಿಗೆ ಮರಳಿ, ಗುಂಡಿಯಂತ್ರವನ್ನು ಡಬ್ಬಿಗೆ ಹಾಕಿ, ಎರಡು ಹಾಳೆಗಳನ್ನು ಮೂರನೇ ಮಹಡಿಯ ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟಳು. ಮರುದಿನ ಹತ್ತು ಗಂಟೆಗೆ ಹೊಸದಾಗಿ ಸೇರಿದ ಆರು ಜನ ಅಧಿಕಾರಿಗಳಿಗೆ ಮಂಡನೆಯ ತರಬೇತಿ ಶುರುಮಾಡಿದಳು.

ಸಮಿತಿಯು ಜೂನ್ ಹನ್ನೊಂದರಂದು ದಾಯೆಂಗ್ ನೊಂಪೊ ಅವರ ಪರವಾನಗಿಯನ್ನು ಎರಡು ವರ್ಷಕ್ಕೆ ಅಮಾನತು ಮಾಡಿತು. ಅವರ ನಿವೃತ್ತಿಗೆ ಒಂದು ವರ್ಷ ಹತ್ತು ತಿಂಗಳು ಉಳಿದಿತ್ತು.